ಅಕ್ಕಾರು ಬರೆಯದ ರಿಜಿಸ್ಟರ್

ಹೋದ ಸೋಮವಾರ ನಮ್ಮ ಸಂಗ್ರಹಾಲಯದ ಅಧ್ಯಕ್ಷರು ನನ್ನನ್ನು ಕರೆದು, “ಸರ, ಮುಂದಿನ ಪ್ರದರ್ಶನದ ಪುಸ್ತಿಕಾ ಅಚ್ಚಿಗೆ ಹೋಗೂದೈತಿ. ಅದರಾಗ ಅಕ್ಕಾರ ಬಗ್ಗೆ ಒಂದ ಹತ್ತ ಸಾಲು ಬೇಕು. ಹುಟ್ಟಿದ್ದು, ಕಲಿತದ್ದು, ಎಷ್ಟ ವರ್ಷ ಸೇವಾ ಮಾಡಿದ್ರು, ಅಷ್ಟ ಸಾಕು. ನಿಮಗಿಂತ ಚಲೋ ಯಾರಿಗೆ ಗೊತ್ತೈತಿ?” ಅಂದರು. ಮೂವತ್ತು ವರ್ಷ ಕಾಲೇಜಿನ ಗ್ರಂಥಾಲಯದಲ್ಲಿ ಕಾರ್ಡು ಬರೆದು ಬದುಕಿದವನು ನಾನು. ಹತ್ತು ಸಾಲು ಯಾವ ದೊಡ್ಡ ಮಾತು ಅಂದುಕೊಂಡು ಮನೆಗೆ ಬಂದೆ. ಹಾಳೆ ಮುಂದಿಟ್ಟುಕೊಂಡು ಕೂತರೆ ಆ ಹೆಣ್ಣುಮಗಳು ಹುಟ್ಟಿದ ಊರೇ ನನಗೆ ಗೊತ್ತಿಲ್ಲ. ಏಳು ವರ್ಷ ದಿನಾ ನೋಡಿದವನಿಗೆ ಇಷ್ಟೂ ಗೊತ್ತಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಖಾನಾಪುರದ ಹೆಣ್ಣುಮಕ್ಕಳ ಸಾಲೆಯೊಂದರಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾಗಿ, ಆಮೇಲೆ ನಮ್ಮ ಪ್ರದರ್ಶನಗಳನ್ನೆಲ್ಲ ಜೋಡಿಸುತ್ತಿದ್ದವರು ಎಂಬುದು ಗೊತ್ತು. ನಮ್ಮ ಕಡೆ ಶಿಕ್ಷಕಿಯರಿಗೆ ಅಕ್ಕಾರು ಅನ್ನುತ್ತಾರೆ. ನಿವೃತ್ತಿಯಾದರೂ ಆ ಹೆಸರು ಬಿಡುವುದಿಲ್ಲ. ಕನ್ನಡಕಕ್ಕೆ ಕರಿ ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ಚಹಾ ಬಸಿಯಲ್ಲಿ ಸುರುವಿಕೊಂಡೇ ಕುಡಿಯಬೇಕು. ಯಾವ ಮಣ್ಣಿನ ಪಾತ್ರೆ ಕೈಗೆ ಸಿಕ್ಕರೂ ಬೆರಳಿನ ಗೆಣ್ಣಿನಿಂದ ಎರಡು ಸಲ ಬಡಿದು, ಕಿವಿ ಹತ್ತಿರ ತಂದು, ಮೈ ಸರಿಯಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದರು. ನನ್ನನ್ನು ‘ಲಾಯಬ್ರರಿ ಸರ’ ಅನ್ನುತ್ತಿದ್ದರು. ಅದರಲ್ಲಿ ಗೌರವ ಎಷ್ಟು, ಚೇಷ್ಟೆ ಎಷ್ಟು ಎಂದು ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಟಿಳಕವಾಡಿಯಲ್ಲಿ ರೈಲು ನಿಲ್ದಾಣದಿಂದ ನಡೆದು ಬರುವಷ್ಟು ದೂರದಲ್ಲಿ ಒಂದು ಹಳೆಯ ಹಂಚಿನ ಬಂಗಲೆಯಿದೆ. ಮೂರು ಕೋಣೆ, ಒಂದು ಪಡಸಾಲೆ, ಹಿಂದೆ ಸಾಮಾನು ಇಡುವ ಕತ್ತಲೆ ಕೋಣೆ. ಬೋರ್ಡಿನ ಮೇಲೆ ಕಲಾ ಸಂಗ್ರಹಾಲಯ ಅಂತ ಬರೆದಿದ್ದರೂ ರಿಕ್ಷಾದವರಿಗೆ ‘ಚಿತ್ರದ ಮನಿ’ ಅಂದರೇ ತಿಳಿಯುವುದು. ನಿವೃತ್ತನಾಗಿ ಮನೆಯಲ್ಲಿ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿಡತೊಡಗಿದಾಗ ನನ್ನಾಕೆ ಕೈಮುಗಿದು, “ನಿಮ್ಮ ಅಚ್ಚುಕಟ್ಟ ಬ್ಯಾರೆ ಕಡೆ ತೋರಸ್ರಿ” ಅಂತ ಅಲ್ಲಿಗೆ ಅಟ್ಟಿದಳು. ನಾನು ಗೌರವ ಕಾರ್ಯದರ್ಶಿಯಾದೆ. ಮೊದಲ ವಾರವೇ ಎಲ್ಲ ವಸ್ತುಗಳಿಗೂ ಹೆಸರು, ಊರು, ಅಳತೆ ಟೈಪು ಮಾಡಿ ಚೀಟಿ ಅಂಟಿಸಿದೆ. ಮರುದಿನ ಅಕ್ಕಾರು ಖಾನಾಪುರದಿಂದ ಮುಂಜಾನೆ ಬಸ್ಸಿಗೆ ಬಂದರು. ಎಲ್ಲ ಚೀಟಿಗಳನ್ನೂ ಸಾವಕಾಶ ಓದಿದರು. ಆಮೇಲೆ ಒಂದೊಂದನ್ನೇ ಕಿತ್ತು ರಬ್ಬರ್ ಬ್ಯಾಂಡು ಹಾಕಿ ನನ್ನ ಕೈಗೆ ಕೊಟ್ಟರು.

“ಸರ, ಅಕ್ಷರ ಭಾಳ ಚಂದ ಅದಾವ. ಆದ್ರ ಜನಾ ಇದನ್ನ ಓದಿ ಮುಂದ ಹೋಗಿ ಬಿಡ್ತಾರ. ಸಾಮಾನ ನೋಡೂದಿಲ್ಲ.”

“ಮತ್ತ ಅವರಿಗೆ ಯಾರ ಹೇಳಬೇಕ್ರಿ ಇದೇನಂತ?”

“ಯಾರ ಮನಿದೋ ಅವರು. ಅವರ ಬಂದು ಬಾಜೂಕ ಕುಂತು ಹೇಳ್ತಾರ.”

ಖರೇ ಹಾಗೇ ಆಗುತ್ತಿತ್ತು. ಪ್ರದರ್ಶನ ಇರುವಷ್ಟು ದಿನ, ಭಾನುವಾರ ಭಾನುವಾರ, ವಸ್ತು ಕೊಟ್ಟ ಮನೆಯವರು ಬಂದು ಅದರ ಪಕ್ಕ ಕೂತು ಬಂದವರಿಗೆ ತಮ್ಮ ಮನೆಯ ಕತೆ ಹೇಳುತ್ತಿದ್ದರು. ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಮರಾಠಿಯಲ್ಲಿ, ಮುಕ್ಕಾಲು ಜನ ಎರಡನ್ನೂ ಕಲಸಿ. ಅವರಿಗೂ ನೋಡುವವರಿಗೂ ಕೂರಲು ಓಣಿಯ ಬಡಿಗೇರು ಬೆಂಚು ಮಾಡಿಕೊಟ್ಟಿದ್ದರು. ಯಾರು ಒಳಗೆ ಬಂದರೂ ಅಕ್ಕಾರ ಮೊದಲ ಮಾತು “ಕುಂದರ್ರಿ.” ಜಿಲ್ಲೆಯ ದೊಡ್ಡ ಸಾಹೇಬರೊಬ್ಬರು ಬಂದು ಅವಸರದಲ್ಲಿ ಸುತ್ತು ಹಾಕತೊಡಗಿದಾಗಲೂ ಬಿಡಲಿಲ್ಲ. “ನಿಂತು ನೋಡಿದ್ರ ಬರೀ ಕಾಲಿಗೆ ಕಾಣ್ತೈತ್ರಿ ಸಾಹೇಬ್ರ. ಕುಂದರ್ರಿ.” ಸಾಹೇಬರು ಒಂದು ಕುದುರೆ ಲಾಳದ ಮುಂದೆ ಇಪ್ಪತ್ತು ನಿಮಿಷ ಕೂತರು. ಹೊರಗೆ ಅವರ ಡ್ರೈವರ್ ಗಡಿಯಾರ ನೋಡಿಕೊಳ್ಳುತ್ತಿದ್ದ, ಒಳಗೆ ನಾನು.

ಸಭೆಗಳಲ್ಲಿ ‘ಸಮುದಾಯದ ಬೆಂಬಲ’ ಎಂಬ ಮಾತು ಬಂದರೆ ಅಕ್ಕಾರಿಗೆ ನಗೆ. “ರೊಕ್ಕದ ಪಟ್ಟಿ ಎತ್ತೂದು ಬೆಂಬಲ ಅಲ್ರಿ. ಅವರ ಮನ್ಯಾಗಿಂದು ನಮ್ಮ ಮನ್ಯಾಗ ಒಂದ ತಿಂಗಳ ಇರೂದು, ಹೊಳ್ಳಿ ಅವರ ಮನಿಗೆ ಹೋಗೂದು. ಹೊಳ್ಳಿ ಹೋತಂದ್ರ ಮುಂದಿನ ಸಲ ಅವರ ಬಾಗಲಾ ತಗೀತಾರ.” ಇಷ್ಟೇ ಅವರ ಸಿದ್ಧಾಂತ. ಕೊಟ್ಟ ವಸ್ತು ಕೊಟ್ಟ ಮನೆಗೇ, ಅದೂ ಅಕ್ಕಾರ ಕೈಯಿಂದಲೇ ಹೋಗಬೇಕು. ಏಳು ವರ್ಷದಲ್ಲಿ ಒಂದು ಚಮಚವೂ ಅದಲುಬದಲಾಗಿರಲಿಲ್ಲ.

ಕೊನೆಯ ಪ್ರದರ್ಶನಕ್ಕೆ ಅವರು ಇಟ್ಟ ಹೆಸರು ‘ಅಡಿಗೆಮನೆಯ ಮಣ್ಣು’. ಖಾನಾಪುರ ತಾಲೂಕಿನ ಮನೆಗಳಲ್ಲಿ ಇನ್ನೂ ಬಳಕೆಯಲ್ಲಿರುವ, ಇಲ್ಲವೇ ಬಳಸದೆ ಅಟ್ಟ ಸೇರಿರುವ ಮಣ್ಣಿನ ಪಾತ್ರೆಗಳು. ಅವನ್ನು ಕೇಳಿ ತರಲು ಒಮ್ಮೆ ನನ್ನನ್ನೂ ಕರೆದುಕೊಂಡು ಹೋದರು. ಜಾಂಬೋಟಿಯಲ್ಲಿ ಬಸ್ಸಿಳಿದು ಗದ್ದೆಯ ಬದುವಿನ ಮೇಲೆ ಅರ್ಧ ತಾಸು ನಡೆದರೆ ಎಮ್ಮೆ ಸಾಕುವ ಒಬ್ಬ ಆಯಿಯ ಮನೆ. ನಮ್ಮಲ್ಲಿ ಅಜ್ಜಿಗೆ ಆಯಿ ಅನ್ನುವುದು. ಅಕ್ಕಾರು ಹೋದವರೇ ಪಡಸಾಲೆಯಲ್ಲಿ ಕೂತು ಎಮ್ಮೆಯ ಕೆಚ್ಚಲು ಬಾವು, ಭತ್ತದ ಸಸಿ, ಯಾರದೋ ಬಾಣಂತನ ಅಂತ ಮಾತಿಗೆ ತೊಡಗಿದರು. ಗಡಿಗೆಯ ಸುದ್ದಿಯೇ ಇಲ್ಲ. ಇದು ಅವರ ಮೂರನೆಯ ಭೇಟಿಯಂತೆ. ನಾನು ಅಂಗಳದಲ್ಲಿ ನಿಂತು ತಿರುಗಿ ಹೋಗುವ ಬಸ್ಸಿನ ಹೊತ್ತು ಎಣಿಸುತ್ತಿದ್ದೆ. ಆಯಿ ಎರಡು ಸಲ ಒಳಗೆ ಕರೆದಳು. “ಇರ್ಲಿ ಬಿಡ್ರಿ, ಇಲ್ಲೇ ಆರಾಮ” ಅಂದೆ.

ಕೊನೆಗೆ ಆಯಿಯೇ ಕೇಳಿದಳು, “ಹಿಂದ ಬಂದಾಗ ನೋಡಿದ್ರಲ್ಲ ಆ ಮೊಸರಿನ ಗಡಿಗಿ, ಬೇಕೇನ್ರಿ ಅಕ್ಕಾರ?”

“ನೀವು ಮನಸಾರೆ ಕೊಟ್ರ ಬೇಕು.”

“ನೀವು ಒಯ್ದ್ರ ಹೆಪ್ಪು ಎದರಾಗ ಹಾಕ್ಲಿ? ನಮ್ಮತ್ತಿ ಕಾಲದಿಂದ ಮೊಸರು ಅದರಾಗ ಆಗೂದು.”

ಅಕ್ಕಾರು ತಮ್ಮ ಚೀಲದಿಂದ ಊಟದ ಸ್ಟೀಲ್ ಡಬ್ಬಿ ತೆಗೆದರು. ಉಳಿದಿದ್ದ ಅರ್ಧ ಭಕ್ರಿಯನ್ನು ಅಂಗಳದ ನಾಯಿಗೆ ಹಾಕಿ, ಡಬ್ಬಿ ತೊಳೆದು ಆಯಿಯ ಮುಂದಿಟ್ಟರು. “ಒಂದ ತಿಂಗಳ ಇದರಾಗ ಹಾಕ್ರಿ. ನಿಮ್ಮ ಗಡಿಗಿ ನಾನ ತಂದು ನಿಮ್ಮ ಕೈಯಾಗ ಕೊಡ್ತೀನಿ. ನನ್ನ ಡಬ್ಬಿ ನಿಮ್ಮ ಕೈಲೆ ಹೊಳ್ಳಿ ಇಸ್ಕೊಂತೀನಿ.” ಆಯಿ ನಕ್ಕು, ಕೆಂಪು ಅಂಚಿನ ಹಳೆಯ ಹಸಿರು ಸೀರೆಯಿಂದ ಒಂದು ತುಂಡು ಹರಿದು ಗಡಿಗೆ ಸುತ್ತಿದಳು. ನಾನು ಒಳಗೆ ಹೋಗುವಷ್ಟರಲ್ಲಿ ಗಂಟು ತಯಾರಾಗಿತ್ತು. ಆ ಗಡಿಗೆ ಹೇಗಿತ್ತೆಂದು ಆಗ ಯಾರಾದರೂ ಕೇಳಿದ್ದರೆ ನನಗೆ ಹೇಳಲು ಬರುತ್ತಿರಲಿಲ್ಲ. ಆವತ್ತು ನಾನು ಅದನ್ನು ನೋಡಲೇ ಇಲ್ಲ.

ಬಸ್ಸಿನಲ್ಲಿ ನಾನು ಮತ್ತೆ ನನ್ನ ಹಳೆಯ ರಾಗ ತೆಗೆದೆ. ಒಂದು ರಿಜಿಸ್ಟರ್ ಇಡೋಣ, ಕೊಟ್ಟವರ ಹೆಸರು, ಊರು, ಒಂದು ಸಹಿ. ಅಕ್ಕಾರು ತೊಡೆಯ ಮೇಲಿನ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ಬ್ಯಾಡ್ರಿ ಸರ” ಅಂದರು. “ಕಾಗದ ತಗದ್ರ ಮಂದಿ ಹೆದರ್ತಾರ. ಸಹಿ ಅಂದ್ರ ಎಲ್ಲಿ ಹೊಲಾ ಹೋಗ್ತೈತೋ ಅಂತಾರ. ಅದ್ರ ಮ್ಯಾಲ ಯಾವ ಭಾಷಾದಾಗ ಬರೀತೀರಿ ಅಂತ ಒಂದ ಜಗಳ. ಇಷ್ಟ ವರ್ಷ ಏನರ ತಪ್ಪೈತೇನು?”

ತಪ್ಪಿರಲಿಲ್ಲ. ಅದಕ್ಕೇ ನಾನು ಇನ್ನೂ ಕುದಿಯುತ್ತಿದ್ದೆ. ಬರೆದಿಡದೆ ಒಂದು ಸಂಸ್ಥೆ ಸರಿಯಾಗಿ ನಡೆಯುವುದು ನನ್ನಂಥವನಿಗೆ ಅವಮಾನ.

ಪ್ರದರ್ಶನಕ್ಕೆ ಎರಡು ವಾರ ಉಳಿದಿತ್ತು. ಅಕ್ಕಾರಿಗೆ ಜ್ವರ ಬಂದು ನಾಲ್ಕು ದಿನ ಖಾನಾಪುರದಲ್ಲೇ ಉಳಿದರು. ಹಿಂದಿನ ಕತ್ತಲೆ ಕೋಣೆಯಲ್ಲಿ ನಲವತ್ತಕ್ಕೂ ಹೆಚ್ಚು ಗಂಟುಗಳು ಬಿದ್ದಿದ್ದವು. ಹರಕು ಸೀರೆ, ಧೋತರದ ತುಂಡು, ಮಾಸಿದ ಟವೆಲ್ಲು, ಹುಡುಗಿಯರ ಲಂಗ, ನಮ್ಮ ಕಡೆಯ ಪರಕಾರ, ಒಂದು ಕೂಡ. ಒಲೆಯ ಹೊಗೆ, ಎಣ್ಣೆ, ಸಗಣಿ ಎಲ್ಲ ಸೇರಿದ ವಾಸನೆ. ಅಧ್ಯಕ್ಷರು ಯಾರೋ ದೊಡ್ಡವರನ್ನು ಕರೆದುಕೊಂಡು ಬರುವವರಿದ್ದರು. ಅಕ್ಕಾರು ಬರುವಷ್ಟರಲ್ಲಿ ಎಲ್ಲ ಲಖಲಖ ಮಾಡಿ ಒಂದು ಶಹಬ್ಬಾಸ್ ಅನ್ನಿಸಿಕೊಳ್ಳೋಣ ಎಂದು ನನಗೆ ಹುರುಪು ಬಂತು.

ಒಂದೊಂದೇ ಗಂಟು ಬಿಚ್ಚಿದೆ. ಗಡಿಗೆ, ಹರವಿ, ಪರಾತ, ರೊಟ್ಟಿಯ ಹಂಚು, ದೀಪ ಎಲ್ಲವನ್ನೂ ಬ್ರಶ್ಶಿನಿಂದ ಜಾಡಿಸಿ ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ನಿಲ್ಲಿಸಿದೆ. ಅರಿವೆಗಳನ್ನು ಮನೆಗೆ ಒಯ್ದು ಒಗೆಯುವ ಯಂತ್ರಕ್ಕೆ ಹಾಕಿದೆ. “ಅವರನ್ನ ಒಂದ್ ಮಾತ್ ಕೇಳಬೇಕಿತ್ತ ನೀವು” ಅಂದಳು ನನ್ನಾಕೆ. “ಹೊಲಸು ಅರಿವಿ ಒಗ್ಯಾಕ ಯಾರನ್ನ ಕೇಳೂದು?” ಅಂದೆ. ಇಸ್ತ್ರಿ ಮಾಡಿಸಿ, ಮಡಚಿ, ಬಣ್ಣದ ಪ್ರಕಾರ ಪೆಟ್ಟಿಗೆಯಲ್ಲಿ ಜೋಡಿಸಿದೆ.

ಅಕ್ಕಾರು ಬಂದ ದಿನ ನಾನೇ ಬಾಗಿಲು ತೆರೆದು ತೋರಿಸಿದೆ. ಅವರು ಸಾಲು ನೋಡಿದರು. ನನ್ನ ಮುಖ ನೋಡಿದರು. ಯಾರಿಗೂ ಏನೂ ಹೇಳದೆ ತಾವೇ ಬೆಂಚಿನ ಮೇಲೆ ಕೂತುಬಿಟ್ಟರು. ಏಳು ವರ್ಷದಲ್ಲಿ ಅವರು ಇನ್ನೊಬ್ಬರಿಗಿಂತ ಮೊದಲು ಕೂತದ್ದನ್ನು ನಾನು ನೋಡಿರಲಿಲ್ಲ.

“ಸರ, ಅರಿವಿ ಎಲ್ಲಿ ಅದಾವ?”

“ಒಗದು ಇಸ್ತ್ರಿ ಮಾಡ್ಸೀನ್ರಿ. ಪೆಟಿಗ್ಯಾಗ ಅದಾವ.”

“ಯಾ ಅರಿವ್ಯಾಗ ಯಾ ಗಡಿಗಿ ಇತ್ತು, ಗೊತ್ತೈತೇನ್ರಿ?”

ನನಗೆ ಆಗ ತಿಳಿಯಿತು. ಆ ಗಂಟುಗಳೇ ಅವರ ರಿಜಿಸ್ಟರ್. ಯಾವ ಮನೆಯ ಸೀರೆ ಯಾವುದು ಅಂತ ಅವರಿಗೆ ಬಾಯಿಪಾಠ. ಸೀರೆ ನೋಡಿದರೆ ಮನೆ, ಮನೆ ನೆನಪಾದರೆ ಗಡಿಗೆ. ಅದಕ್ಕೇ ಅವರು ಎಂದೂ ಗಂಟು ಬಿಚ್ಚಿ ಇಡುತ್ತಿರಲಿಲ್ಲ; ಪ್ರದರ್ಶನದಲ್ಲಿ ಕೂಡ ಅರಿವೆಯನ್ನು ಮಡಚಿ ಪಾತ್ರೆಯ ಕೆಳಗೇ ಹಾಸುತ್ತಿದ್ದರು. ನಾನು ಅದನ್ನು ಹಳ್ಳಿಯವರ ಅಲಂಕಾರ ಅಂದುಕೊಂಡಿದ್ದೆ. ಎಂಥ ದಡ್ಡ ನಾನು!

ಬೈಯಲಿಲ್ಲ ಅವರು. ಬೈದಿದ್ದರೆ ಚೆನ್ನಾಗಿತ್ತು. “ಇರ್ಲಿ, ನನ್ನ ತಲ್ಯಾಗ ಬಹಳಷ್ಟ ಅದಾವ. ನಾಳೆ ಲಗೂ ಬರ್ತೀನಿ. ನಾ ಒಂದೊಂದ ಹೇಳ್ತೀನಿ, ನೀವು ಬರಕೋರಿ. ನಿಮ್ಮ ರಜಿಸ್ಟರ್ ಆಸೇನೂ ತೀರ್ಲಿ” ಅಂತ ನಕ್ಕರು. ನನ್ನ ಸಮಾಧಾನಕ್ಕೆ ನಕ್ಕದ್ದು ಅಂತ ನನಗೆ ಗೊತ್ತಾಯಿತು.

ಮರುದಿನ ಎಂಟೂವರೆಗೆ ಹೊಸ ರಿಜಿಸ್ಟರ್ ತೆಗೆದುಕೊಂಡು ಹೋಗಿ ಗೆರೆ ಎಳೆದು ಕೂತೆ. ಹತ್ತಾಯಿತು. ಹತ್ತೂವರೆಗೆ ಫೋನು ಬಂತು. ಅಕ್ಕಾರಿಗೆ ಖಾನಾಪುರದ ಬಸ್ ನಿಲ್ದಾಣದಲ್ಲೇ ಲಕ್ವಾ ಹೊಡೆದಿತ್ತು. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಿದ್ದರಂತೆ.

ಆಸ್ಪತ್ರೆಯಲ್ಲಿ ಅವರ ತಂಗಿ ಪಕ್ಕದಲ್ಲಿದ್ದರು. ನನ್ನನ್ನು ನೋಡಿದೊಡನೆ ಅಕ್ಕಾರು ಎಡಗೈ ಎತ್ತಿ ಸ್ಪಷ್ಟವಾಗಿ, “ಕುಂದರ್ರಿ” ಅಂದರು. ನನಗೆ ಜೀವ ಬಂದಂತಾಯಿತು. ಮಾತು ಇದೆ ಅಂದುಕೊಂಡೆ. ನೀರು ಬೇಕೇ ಎಂದು ತಂಗಿ ಕೇಳಿದರು. “ಕುಂದರ್ರಿ.” ನೋವು ಇದೆಯೇ? “ಕುಂದರ್ರಿ.” ಡಾಕ್ಟರು ನನ್ನನ್ನು ಹೊರಗೆ ಕರೆದು, “ಅವರಿಗೆ ಎಲ್ಲಾ ತಿಳೀತದ್ರಿ. ಹೇಳೂ ದಾರಿ ಅಷ್ಟ ಕಟ್ ಆಗೇದ. ದಿನಾ ಆಡಿ ಆಡಿ ರೂಢಿ ಬಿದ್ದ ಒಂದ ಮಾತು ಹಿಂಗ ಉಳದ ಬಿಡ್ತದ ಕೆಲವರಿಗೆ. ಅವರು ಏನ ಹೇಳಾಕ ಹೋದ್ರೂ ಅದ ಬರ್ತದ” ಅಂದರು.

ಮೂರನೆಯ ದಿನ ನಾನು ಎಲ್ಲ ಪಾತ್ರೆಗಳ ಫೋಟೋ ಮೊಬೈಲಿನಲ್ಲಿ ತೆಗೆದುಕೊಂಡು ಹೋದೆ. ಒಂದು ಫೋಟೋ ತೋರಿಸುವುದು, ಒಂದೊಂದೇ ಊರಿನ ಹೆಸರು ಹೇಳುವುದು, ಹೌದಾದರೆ ತಲೆ ಆಡಿಸಿ ಅನ್ನುವುದು. ಮೊದಲ ನಾಲ್ಕೈದು ಸರಿ ಹೋದವು. ಆಮೇಲೆ ಎಲ್ಲದಕ್ಕೂ ತಲೆ ಆಡಿಸತೊಡಗಿದರು. ಆಡಿಸಿದ ಮೇಲೆ ತಾವೇ ಅದಲ್ಲವೆಂದು ತಿಳಿದು ಕಣ್ಣು ಮುಚ್ಚಿ, “ಕುಂದರ್ರಿ, ಕುಂದರ್ರಿ” ಅನ್ನುತ್ತ ಹಾಸಿಗೆ ಬಡಿದರು. ಕಣ್ಣಿನಿಂದ ನೀರು ಕಿವಿಗೆ ಇಳಿಯಿತು. ತಂಗಿ ನನ್ನ ಕೈಯಿಂದ ಮೊಬೈಲ್ ತೆಗೆದು ಮಗುಚಿ ಇಟ್ಟರು. “ಸಾಕ್ರಿ ಸರ. ಬಿ.ಪಿ. ಏರ್ತೈತಿ. ಗಡಿಗಿ ದೊಡ್ಡವೋ, ಅಕ್ಕ ದೊಡ್ಡಾಕಿಯೋ?”

ಆಮಂತ್ರಣ ಹಂಚಿಯಾಗಿದ್ದರಿಂದ ಪ್ರದರ್ಶನ ಮುಂದೂಡಲಿಲ್ಲ. ದೇವರ ದಯೆಯೋ ಜನರ ದಯೆಯೋ, ಮನೆಯವರು ಬಂದು ತಮ್ಮ ತಮ್ಮ ಪಾತ್ರೆಗಳನ್ನು ತಾವೇ ಗುರುತು ಹಿಡಿದರು. “ಏ ನಿಂದಲ್ಲೋ ಅದು, ನಿಮ್ಮವ್ವನ ಹಂಚಿನ ಕಿವಿ ಮುರದಿತ್ತು” ಎಂದು ಒಬ್ಬರಿಗೊಬ್ಬರು ತಿದ್ದಿಕೊಂಡರು. ಇಸ್ತ್ರಿಯಾದ ಅರಿವೆಗಳನ್ನು ನೋಡಿ ಹೆಂಗಸರು ಬಿದ್ದು ಬಿದ್ದು ನಕ್ಕರು. ತಿಂಗಳು ಮುಗಿಯುವಾಗ ಎರಡು ಗಡಿಗೆ ಮಾತ್ರ ಉಳಿದಿದ್ದವು. ಹೆಚ್ಚು ಕಡಿಮೆ ಒಂದೇ ಗಾತ್ರ, ಎರಡೂ ಕರಿಬಣ್ಣದ ಮೊಸರಿನ ಗಡಿಗೆ. ಒಂದು ಜಾಂಬೋಟಿಯ ಆಯಿಯದು. ಆಕೆ ಬಂದಿರಲಿಲ್ಲ. ಯಾಕೆ ಬರುತ್ತಾಳೆ? ಅಕ್ಕಾರು ತಾವೇ ತಂದುಕೊಡುತ್ತೇನೆ ಅಂದಿದ್ದರಲ್ಲ. ಇನ್ನೊಂದು, ಖಾನಾಪುರದಿಂದ ಬಂದು ನಮ್ಮೂರಿನ ಸದಾಶಿವನಗರದಲ್ಲಿ ನೆಲೆಸಿದ ಒಂದು ವ್ಯಾಪಾರಸ್ಥರ ಮನೆಯದು.

ಕೊನೆಯ ದಿನ ತಂಗಿ ಅಕ್ಕಾರನ್ನು ಕಾರಿನಲ್ಲಿ ಕರೆತಂದರು. ಗಾಲಿಕುರ್ಚಿಯನ್ನು ಬೆಂಚಿನ ಪಕ್ಕ ನಿಲ್ಲಿಸಿದೆವು. ಹೊಸ ಇಳಕಲ್ ಸೀರೆ ಉಡಿಸಿದ್ದರು. ಜನ ಸಾಲು ಹಿಡಿದು ಬಂದು ನಮಸ್ಕಾರ ಮಾಡಿದರು. ಆ ಹೊತ್ತಿಗೇ ಸದಾಶಿವನಗರದ ದಂಪತಿ ಗಡಿಗೆ ಒಯ್ಯಲು ಬಂದರು. ಒಳ್ಳೆಯ ಜನ. ಅವರ ಗಡಿಗೆ ಅಜ್ಜಿಯ ಕಾಲದಲ್ಲಿ ಅಟ್ಟ ಸೇರಿದ್ದು, ಅವರೂ ಸರಿಯಾಗಿ ನೋಡಿದವರಲ್ಲ. ಎರಡನ್ನೂ ತಿರುಗಿಸಿ ನೋಡಿ, ಯಜಮಾನರು ಬಾಯಿಯ ಹತ್ತಿರ ಸ್ವಲ್ಪ ಸೀಳಿದ್ದ ಗಡಿಗೆ ಎತ್ತಿಕೊಂಡು, “ಹಳೇದು ಇದ ಇರಬೇಕು, ಅಲ್ಲೇನು?” ಎಂದು ಹೆಂಡತಿಯನ್ನು ಕೇಳಿದರು. ಆಕೆಯೂ ಇರಬೇಕು ಅಂದರು. ನಾನು ತಲೆಯಾಡಿಸಿದೆ.

“ಕುಂದರ್ರಿ” ಅಂದರು ಅಕ್ಕಾರು.

ಇಬ್ಬರೂ ಖುಷಿಯಾಗಿ ಬೆಂಚಿನ ಮೇಲೆ ಕೂತರು. “ನೋಡ್ರಿ, ಇಂಥಾದ್ರಾಗೂ ಎಷ್ಟ ಮರ್ಯಾದಿ” ಎಂದು ಆ ತಾಯಿ ಕಣ್ಣೊರೆಸಿಕೊಂಡರು.

“ಕುಂದರ್ರಿ! ಕುಂದರ್ರಿ!” ಎಡಗೈ ಗಡಿಗೆಯ ಕಡೆ ಚಾಚಿತ್ತು. ಯಜಮಾನರು ಎದ್ದು ಬಂದು ಆ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು, “ಆಗ್ಲಿ ಅಕ್ಕಾರ, ಚಲೋತ್ನಾಗಿ ಇಟಗೊಂತೀವಿ” ಅಂದರು. ಅಕ್ಕಾರು ನನ್ನ ಕಡೆ ನೋಡಿದರು. ಆ ನೋಟ ನನಗೆ ತಿಳಿಯಲಿಲ್ಲ ಅಂದರೆ ಸುಳ್ಳು. ಏನೋ ತಪ್ಪುತ್ತಿದೆ ಅಂತ ತಿಳಿಯಿತು. ಏನು ಅಂತ ತಿಳಿಯಲಿಲ್ಲ. “ಏನ್ರಿ ಅಕ್ಕಾರ, ಏನಾತ್ರಿ?” ಎಂದು ಬಗ್ಗಿ ಕೇಳಿದೆ. “ಕುಂದರ್ರಿ” ಅಂದರು. ಎಲ್ಲರೂ ನೋಡುತ್ತಿದ್ದರು. ನಾನೂ ಹೋಗಿ ಬೆಂಚಿನ ಮೇಲೆ ಕೂತೆ. ದಂಪತಿ ಗಡಿಗೆ ತೆಗೆದುಕೊಂಡು ಹೋದರು.

ಮೂರು ವಾರಕ್ಕೆ ಅಕ್ಕಾರು ಹೋದರು. ಎರಡನೆಯ ಸಲ ಹೊಡೆದ ಲಕ್ವಾ ತಡೆಯಲಾಗಲಿಲ್ಲ ಅಂದರು. ಆ ಒಂದು ಮಾತೂ ಕೊನೆಯ ಎರಡು ದಿನ ಇರಲಿಲ್ಲವಂತೆ.

ಮಣ್ಣು ಮುಗಿಸಿ ಬಂದ ಮೇಲೆ, ಅವರ ಒಂದು ಮಾತನ್ನಾದರೂ ನಾನು ನಡೆಸಬೇಕು ಅಂದುಕೊಂಡು ಉಳಿದ ಗಡಿಗೆಯನ್ನು ಜಾಂಬೋಟಿಗೆ ಒಯ್ದೆ. ಆಯಿ ಅದನ್ನು ಎತ್ತಿದ್ದೂ ಇಲ್ಲ, ಕೂತಲ್ಲಿಂದಲೇ, “ಇದು ನಂದಲ್ರಿ” ಅಂದಳು. “ನನ್ನ ಗಡಿಗಿ ಬಾಯಿ ಹಂತ್ಯಾಕ ಸೀಳೈತಿ. ಅರಗು ಹಚ್ಚೀನಿ. ಅಕ್ಕಾರಿಗೆ ಗೊತ್ತೈತಿ. ಅವರ್ಯಾಕ ಬರ್ಲಿಲ್ಲ?” ನನಗೆ ಹೇಳಲು ಧೈರ್ಯ ಸಾಲಲಿಲ್ಲ. “ಆರಾಮಿಲ್ಲ” ಅಂದು ಓಡಿ ಬಂದೆ. ಸತ್ತವರನ್ನು ಆರಾಮಿಲ್ಲ ಅಂದ ಹೇಡಿ ನಾನು.

ಅಲ್ಲಿಂದ ಅದೇ ಗಡಿಗೆ ಹಿಡಿದುಕೊಂಡು ಸದಾಶಿವನಗರ. ಆ ತಾಯಿ ನನ್ನನ್ನು ಒಳಗೆ ಕರೆದು, ತಿನ್ನಲು ಕುಂದಾ ಕೊಟ್ಟು, ಹೆಮ್ಮೆಯಿಂದ ಶೋಕೇಸ್ ತೋರಿಸಿದರು. ಆಯಿಯ ಗಡಿಗೆ ಅಲ್ಲಿತ್ತು. ಪ್ರದರ್ಶನ ನೋಡಿದ ಮೇಲೆ ತಮಗೂ ಕಲೆಯ ಹುಚ್ಚು ಹಿಡಿಯಿತು ಅಂದರು. ಸೀಳಿಗೆ ಪುಟ್ಟಿ ತುಂಬಿ, ತಿಕ್ಕಿ ನುಣುಪು ಮಾಡಿ, ಮೇಲೆ ಕೆಂಪು ಬಣ್ಣ, ಅದರ ಮೇಲೆ ಬಂಗಾರದ ನವಿಲು. ಒಳಗೂ ಹೊರಗೂ ವಾರ್ನಿಶ್. “ಅಕ್ಕಾರ ನೆನಪಿಗೆ ನನ್ನ ಕೈಲೇನ ಮಾಡೀನ್ರಿ” ಅಂದರು. ಚೆನ್ನಾಗಿಯೂ ಮಾಡಿದ್ದರು. ನಾನು ನಿಜ ಸಂಗತಿ ಹೇಳಿದಾಗ ಪಾಪ ಅವರ ಮುಖ ಇಷ್ಟೇ ಇಷ್ಟಾಯಿತು. ಗಡಿಗೆ ತಂದು ನನ್ನ ಕೈಗಿಟ್ಟು, “ತಪ್ಪಾತ್ರಿ, ನಮಗ ಗೊತ್ತಾಗ್ಲಿಲ್ಲ” ಎಂದು ಮೂರು ಸಲ ಅಂದರು. ಅವರ ತಪ್ಪು ಎಲ್ಲಿಂದ ಬಂತು? ತಪ್ಪು ನನ್ನ ಮನೆಯ ಬಟ್ಟೆ ಒಗೆಯುವ ಯಂತ್ರದಲ್ಲಿ ತಿರುಗಿತ್ತು.

ಖಾನಾಪುರದ ಒಬ್ಬ ಕುಂಬಾರರಿಗೆ ತೋರಿಸಿದೆ. ಅವರು ಉಗುರಿನಿಂದ ಕೆರೆದು ನೋಡಿ, “ಮಣ್ಣು ಬಣ್ಣಾ ಕುಡದ ಬಿಟ್ಟೈತ್ರಿ. ಹೊಳ್ಳಿ ಸುಡಾಕ ಆವಿಗಿಗೆ ಹಾಕಿದ್ರ ಒಡೀತೈತಿ. ತಿಕ್ಕಿದ್ರ ಒಳಗಿನ ಜೀವಾ ಹೋಗ್ತೈತಿ. ಇದರಾಗ ಇನ್ನ ಮೊಸರಾಗೂದಿಲ್ಲ” ಅಂದರು. ಏನೂ ಮಾಡಲು ಬರುವುದಿಲ್ಲವೇ ಎಂದು ಕೇಳಿದೆ. “ಹೊಸಾದು ಮಾಡಿ ಕೊಡ್ತೀನಿ” ಅಂದರು.

ಅಧ್ಯಕ್ಷರು ಆ ಸೋಮವಾರ ಹತ್ತು ಸಾಲಿನ ಜೊತೆಗೆ ಇನ್ನೂ ಒಂದು ಮಾತು ಹೇಳಿದ್ದರು. “ಮುಂದಿನ ಪ್ರದರ್ಶನ ಮನಿಮನ್ಯಾಗ ಹೊಲದು ಹೊದಿಯೂ ಕೌದಿಗೋಳ ಮ್ಯಾಲ. ಖಾನಾಪುರ ಕಡೆ ಮಂದಿ ನಿಮ್ಮನ್ನ ಬಲ್ಲರು. ಕೌದಿ ಕೇಳಾಕ ನೀವ ಹೋಗಬೇಕು.” ಕೇಳಲು ಹೋಗುವ ಮೊದಲು ಕೊಡುವುದನ್ನು ಕೊಡಬೇಕಲ್ಲ! ನಿನ್ನೆ ಪೆಟ್ಟಿಗೆಯಲ್ಲಿ ಕೊನೆಗೆ ಉಳಿದಿದ್ದ, ಕೆಂಪು ಅಂಚಿನ ಹಸಿರು ಸೀರೆಯ ತುಂಡಿನಲ್ಲಿ ಆ ನವಿಲಿನ ಗಡಿಗೆ ಸುತ್ತಿಕೊಂಡು ಜಾಂಬೋಟಿಯ ಬಸ್ಸು ಹತ್ತಿದೆ.

ಆಯಿ ಅಂಗಳದಲ್ಲಿದ್ದಳು. ಗಂಟನ್ನು ದೂರದಿಂದ ನೋಡಿಯೇ, “ಅಯ್ಯ, ನಮ್ಮ ಸೀರಿ ತುಂಡು!” ಅಂದಳು. ಒಗೆದು ಇಸ್ತ್ರಿಯಾಗಿ ಬಣ್ಣ ಮಾಸಿದ್ದರೂ ಗುರುತು ಹತ್ತಿತು. ಬಿಚ್ಚಿದಳು. ಗಡಿಗೆಯನ್ನು ಸುತ್ತ ತಿರುಗಿಸಿದಳು. ಮೂಗಿನ ಹತ್ತಿರ ಒಯ್ದಳು. ಒಳಗೆ ಕೈ ಹಾಕಿ ಅಂಚು ಸವರಿದಳು.

“ಚಂದ ಐತ್ರಿ. ದೇವರ ಮುಂದ ಇಡೂವಂಗ ಐತಿ. ಆದ್ರ ನಂದಲ್ಲ.”

“ನಿಮ್ದ ಆಯಿ. ಖರೇ ನಿಮ್ದ. ಅದಕ್ಕ ಬಣ್ಣಾ ಹಚ್ಚ್ಯಾರ.”

ಆಕೆ ನನ್ನ ಮುಖ ನೋಡಿದಳು. ಗಡಿಗೆಯನ್ನು ನನ್ನ ಎರಡೂ ಕೈಯಲ್ಲಿ ತಿರುಗಿ ಇಟ್ಟಳು. ಸೀರೆಯ ತುಂಡನ್ನು ಮಾತ್ರ ಹೆಗಲ ಮೇಲೆ ಹಾಕಿಕೊಂಡಳು. “ಅಕ್ಕಾರ ಬಂದು ಹೇಳ್ಲಿ. ಅವರು ನಿಂದ ಅಂದ್ರ ನಂದ. ಆಗ ತೊಗೊಂತೀನಿ. ಯಾವಾಗ ಬರ್ತಾರ ಅವರು?”

“ಆಯಿ, ಅಕ್ಕಾರು...” ಅಂತ ಅಂಗಳದಲ್ಲಿ ನಿಂತೇ ಶುರು ಮಾಡಿದೆ.

“ನಿಂತ ಯಾಕ ಮಾತಾಡ್ತೀರಿ? ಕುಂದರ್ರಿ” ಅಂದಳು ಆಯಿ.

ಕೂತೆ. ಆ ಮನೆಯಲ್ಲಿ ಮೊದಲ ಸಲ ಕೂತೆ. ಕೂತ ಮೇಲೆ ಹೇಳಲೇಬೇಕಾಯಿತು. ಬಸ್ ನಿಲ್ದಾಣದ ಮೆಟ್ಟಿಲು, ಆ ಒಂದೇ ಒಂದು ಮಾತು, ಅರಿವೆ ಒಗೆದದ್ದು, ಹೋದ ಸಲ ನಾನು ಆಡಿದ ಸುಳ್ಳು, ಎಲ್ಲ ಹೇಳಿದೆ. ಆಯಿ ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಎದ್ದು ಒಳಗೆ ಹೋದಳು. ಪಾತ್ರೆಯಿಂದ ಪಾತ್ರೆಗೆ ಏನೋ ಸುರುವಿದ ಸಪ್ಪಳ ಕೇಳಿತು, ನೀರಿನ ಸಪ್ಪಳ ಕೇಳಿತು. ಹೊರಗೆ ಬಂದಾಗ ಅಕ್ಕಾರ ಸ್ಟೀಲ್ ಡಬ್ಬಿ ಆಕೆಯ ಕೈಯಲ್ಲಿತ್ತು. ಹೆಪ್ಪು ತೆಗೆದು, ಬೂದಿ ಹಾಕಿ ತಿಕ್ಕಿ ತೊಳೆದಿದ್ದಳು. ಹೆಗಲ ಮೇಲಿನ ಸೀರೆಯ ತುಂಡಿನಿಂದ ಅದನ್ನು ಒಳಗೂ ಹೊರಗೂ ಒರೆಸಿದಳು.

“ನನ್ನ ಕೈಲೆ ಹೊಳ್ಳಿ ಇಸ್ಕೊಂತೀನಿ ಅಂದಿದ್ರು” ಅಂದಳು. “ಇದನ್ನ ಇನ್ನ ಯಾರ ಕೈಯಾಗ ಕೊಡ್ಲಿ?”

ಡಬ್ಬಿಗೆ ಕೈ ಚಾಚೋಣವೆಂದರೆ ನನ್ನ ಎರಡೂ ಕೈಯಲ್ಲಿ ಆ ಬಣ್ಣದ ಗಡಿಗೆ ಇತ್ತು.